ತಿಂಗಳಿಗೆ ಸಾವಿರ ಉಳಿಸಿದರೆ ಪೆನ್ಶನ್ ಆಗುತ್ತಾ ಮೇಡಂ?

ಪ್ರಶ್ನೆ (ಹಾಸನ, ಗಾರ್ಮೆಂಟ್ಸ್ ಟೈಲರ್, ವಯಸ್ಸು 34)

ಮೇಡಂ, ನಮಸ್ತೆ. ನನಗೆ ಬೇಸಿಕ್, ಡಿಎ ಸೇರಿ 12,000 ಸಂಬಳ. ಪಿಎಫ್, ಇಎಸ್‌ಐ ಕಟ್ ಆಗಿ ಕೈಗೆ 10,470 ಬರುತ್ತದೆ. ಯಜಮಾನರು ಆಟೋ ಓಡಿಸುತ್ತಾರೆ, ಅವರಿಗೆ 38. ಮಕ್ಕಳಿಬ್ಬರು ಶಾಲೆಗೆ ಹೋಗುತ್ತಾರೆ. ಹೇಗೋ ಮಾಡಿ ತಿಂಗಳಿಗೆ ಸಾವಿರ ಎತ್ತಿಡಬಹುದು. ಇದರಲ್ಲಿ ವಯಸ್ಸಾದ ಮೇಲೆ ಪೆನ್ಶನ್ ಬರೋ ಹಾಗೆ ಮಾಡಬಹುದಾ? ಲೈನಿನಲ್ಲಿ ಪಕ್ಕದ ಮೆಷಿನ್‌ನವರು ಅಟಲ್ ಪೆನ್ಶನ್ ಅನ್ನುತ್ತಾರೆ, ಸೂಪರ್‌ವೈಸರ್ ಅಕ್ಕ ಚೀಟಿ ಹಾಕು ಅನ್ನುತ್ತಾರೆ, ಸೈಬರ್‌ನವನು ಶ್ರಮಯೋಗಿ ಅಂದ. ಇದು ನನಗೆ ಮೂರನೇ ಕಂಪನಿ. ಮೊದಲನೇ ಕಡೆ 4 ವರ್ಷ ಮಾಡಿದ್ದೆ, ಆ ಪಿಎಫ್ ಪೂರ್ತಿ ಬಿಡಿಸಿಕೊಂಡೆ. ಎರಡನೇ ಕಡೆ 3 ವರ್ಷ, ಅದು ಹಾಗೇ ಇದೆ ಅನಿಸುತ್ತದೆ. ಇಲ್ಲಿಗೆ ಬಂದು 2 ವರ್ಷ ಆಯಿತು.

ಉತ್ತರ

ಅಮ್ಮಾ, ಸಾವಿರದ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಕೊನೆಯ ನಾಲ್ಕು ಸಾಲಿನಲ್ಲೇ ನಿಮ್ಮ ಪೆನ್ಶನ್ ಕೂತಿದೆ. ಹಾಸನದಲ್ಲಿ ಪಿಎಫ್, ಇಎಸ್‌ಐ ಕೆಲಸ ನೋಡಿಕೊಳ್ಳಲು ಶುರು ಮಾಡಿ 19 ವರ್ಷ ಆಯಿತು. ನನ್ನ ಮೇಜಿನ ಮುಂದೆ ಕೂತು ಅತ್ತವರಲ್ಲಿ ಜಾಸ್ತಿ ಜನ "ಕಂಪನಿ ಬಿಟ್ಟಾಗೆಲ್ಲ ಬಿಡಿಸಿಕೊಂಡೆ ಮೇಡಂ" ಅಂದವರೇ.

ಲೆಕ್ಕ ನೋಡಿ. ನಿಮ್ಮ ಸಂಬಳದಿಂದ 12 ಪರ್ಸೆಂಟ್, ಅಂದರೆ 1,440 ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕಬೇಕು. ಆದರೆ ಕಂಪನಿ ಹಾಕೋದರಲ್ಲಿ 8.33 ಪರ್ಸೆಂಟ್, ಹತ್ತಿರ ಹತ್ತಿರ 1,000 ರೂಪಾಯಿ, ಪೆನ್ಶನ್ ಫಂಡಿಗೆ ಹೋಗುತ್ತದೆ. ಉಳಿದ 440 ನಿಮ್ಮ ಪಿಎಫ್‌ಗೆ. ಒಟ್ಟು 10 ವರ್ಷ ಸರ್ವಿಸ್ ಆದರೆ 58ನೇ ವಯಸ್ಸಿನಿಂದ ತಿಂಗಳಾ ತಿಂಗಳಾ ಪೆನ್ಶನ್. ಒಂದೇ ಕಂಪನಿಯಲ್ಲಿ 10 ವರ್ಷ ಇರಬೇಕು ಅಂತೇನಿಲ್ಲ, ಎಲ್ಲ ಕಡೆಯದ್ದೂ ಸೇರುತ್ತದೆ. ಬಿಡಿಸಿಕೊಳ್ಳದೆ ಇದ್ದರೆ.

ಪೆನ್ಶನ್ ಎಷ್ಟು? ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸರ್ವಿಸ್ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ. ಸಂಬಳ 15,000ಕ್ಕಿಂತ ಜಾಸ್ತಿ ಇದ್ದರೂ ಲೆಕ್ಕಕ್ಕೆ 15,000ವೇ. 20 ವರ್ಷ ದಾಟಿದವರಿಗೆ 2 ವರ್ಷ ಬೋನಸ್ ಸೇರಿಸುತ್ತಾರೆ. ನೀವು 58ರವರೆಗೆ ಪಿಎಫ್ ಇರುವ ಕೆಲಸದಲ್ಲೇ ಇದ್ದರೆ ಇನ್ನೂ 24 ವರ್ಷ, ಹಿಂದಿನ 5 ಸೇರಿ 29, ಬೋನಸ್ ಸೇರಿ 31. ಸಂಬಳ ಏನೂ ಏರದೆ 12,000ದಲ್ಲೇ ನಿಂತರೂ 5,314 ರೂಪಾಯಿ. ಮೊದಲಿನ 4 ವರ್ಷವನ್ನೂ ಉಳಿಸಿಕೊಂಡಿದ್ದರೆ ಸರಿಯಾಗಿ 6,000 ಆಗುತ್ತಿತ್ತು.

ಆ 4 ವರ್ಷಕ್ಕೆ ಪೆನ್ಶನ್ ಭಾಗ ಅಂತ ಎಷ್ಟು ಬಂತು, ನೆನಪಿದೆಯಾ?

ಪ್ರಶ್ನೆ ಕೇಳಿದವರು

29 ಸಾವಿರ ಚಿಲ್ಲರೆ ಮೇಡಂ. ಆಗ ಸಂಬಳ 7,000 ಇತ್ತು. ತಂಗಿ ಮದುವೆಗೆ ಬೇಕಾಗಿತ್ತು.

ಉತ್ತರ

ಮದುವೆಗೆ ಬೇಕಾದಾಗ ಬೇಕು, ಅದನ್ನು ತಪ್ಪು ಅನ್ನಲ್ಲ. ಆದರೆ ತಿಂಗಳಿಗೆ 686 ರೂಪಾಯಿ ಕಡಿಮೆ ಆಯಿತಲ್ಲ, ಆ 29 ಸಾವಿರ ಮೂರೂವರೆ ವರ್ಷದ ಪೆನ್ಶನ್‌ನಲ್ಲೇ ವಾಪಸ್ ಬಂದುಬಿಡುತ್ತಿತ್ತು. ಆಮೇಲೆ ಬರೋದೆಲ್ಲ ಜೀವ ಇರೋವರೆಗೆ.

ಈಗ ಸಾವಿರದ ವಿಷಯ.

ಶ್ರಮಯೋಗಿ ಮಾನ್‌ಧನ್ ಅನ್ನೋ ಸರ್ಕಾರದ ಪೆನ್ಶನ್ ಯೋಜನೆ ನಿಮಗೆ ಆಗಲ್ಲ. ಪಿಎಫ್, ಇಎಸ್‌ಐ ಇರುವವರನ್ನು ಅದಕ್ಕೆ ಸೇರಿಸಲ್ಲ. ಸೈಬರ್‌ನವನು ಕೇಳದೆ ಮಾಡಿಸಿಬಿಟ್ಟಾನು, ಹುಷಾರು. ಆದರೆ ನಿಮ್ಮ ಯಜಮಾನರಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ತಿಂಗಳ ಆದಾಯ 15,000 ಒಳಗಿರಬೇಕು, ವಯಸ್ಸು 18ರಿಂದ 40. ಅವರಿಗೆ 38 ಅಂದರೆ ತಿಂಗಳಿಗೆ 180 ರೂಪಾಯಿ ಕಂತು. ಸರ್ಕಾರವೂ 180 ಹಾಕುತ್ತದೆ. 60 ಆದಮೇಲೆ ತಿಂಗಳಿಗೆ 3,000. ಅವರ ನಂತರ ನಿಮಗೆ ಅರ್ಧ, ಅಂದರೆ 1,500. ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಕಾಮನ್ ಸರ್ವಿಸ್ ಸೆಂಟರ್‌ಗೆ ಹೋದರೆ ಆಯಿತು. 40 ತುಂಬಲು ಇನ್ನು ಎರಡೇ ವರ್ಷ ಇದೆ, "ಯುಗಾದಿ ಕಳೀಲಿ" ಅಂತ ಮುಂದೂಡಬೇಡಿ.

ಅಟಲ್ ಪೆನ್ಶನ್ ನಿಮ್ಮ ಹೆಸರಲ್ಲಿ ಮಾಡಿ. ಅದಕ್ಕೆ ಪಿಎಫ್ ಅಡ್ಡಿ ಇಲ್ಲ. ಇನ್‌ಕಮ್ ಟ್ಯಾಕ್ಸ್ ಕಟ್ಟುವವರು 2022ರ ಅಕ್ಟೋಬರ್‌ನಿಂದ ಸೇರುವಂತಿಲ್ಲ, ಅದು ನಮಗ್ಯಾಕೆ ಬಿಡಿ. 34ನೇ ವಯಸ್ಸಿಗೆ 5,000 ಪೆನ್ಶನ್ ಬೇಕು ಅಂದರೆ 824 ಕಂತು, 3,000ಕ್ಕೆ 495. ನಾನಾಗಿದ್ದರೆ ಈಗ 3,000ದ್ದು ತಗೊಳ್ಳುತ್ತೇನೆ. ಸಂಬಳ ಏರಿದಾಗ ವರ್ಷಕ್ಕೊಮ್ಮೆ ಪೆನ್ಶನ್ ಮೊತ್ತ ಏರಿಸಿಕೊಳ್ಳಲು ಅವಕಾಶ ಇದೆ. ನಿಮ್ಮ ನಂತರ ಯಜಮಾನರಿಗೂ ಅಷ್ಟೇ ಪೆನ್ಶನ್, ಇಬ್ಬರೂ ಹೋದಮೇಲೆ ನಾಮಿನಿಗೆ 5.1 ಲಕ್ಷ. ಅಕೌಂಟಿನಿಂದ ತಾನಾಗೇ ಕಟ್ ಆಗುತ್ತದೆ. ಸಂಬಳ ಬಂದ ದಿನ ಪೂರ್ತಿ ಎಟಿಎಂನಲ್ಲಿ ಎತ್ತುವ ಅಭ್ಯಾಸ ಇದ್ದರೆ ಅದನ್ನು ಬಿಡಿ, ಕಂತು ತಪ್ಪಿದರೆ ದಂಡ.

180 ಮತ್ತು 495 ಸೇರಿ 675 ಆಯಿತು. ಉಳಿದದ್ದರಲ್ಲಿ 300 ರೂಪಾಯಿ ಪೋಸ್ಟ್ ಆಫೀಸಿನ ಆರ್‌ಡಿಗೆ ಹಾಕಿ. ಈಗಿನ 6.7 ಪರ್ಸೆಂಟ್ ಬಡ್ಡಿಯಲ್ಲಿ 5 ವರ್ಷಕ್ಕೆ ಕಟ್ಟಿದ 18,000 ಹೋಗಿ 21,400ರ ಹತ್ತಿರ ಆಗುತ್ತದೆ. ಅಷ್ಟೇನಾ ಅನ್ನಬೇಡಿ. ಈ ಆರ್‌ಡಿ ಪೆನ್ಶನ್‌ಗಲ್ಲ, ಪಿಎಫ್ ಕಾಯೋದಕ್ಕೆ. ಮಗುವಿಗೆ ಜ್ವರ, ಆಟೋ ಇಂಜಿನ್ ಕೆಲಸ, ಅಂಥದ್ದಕ್ಕೆ ಕೈಗೆ ಸಿಗೋ ದುಡ್ಡು ಇದ್ದರೆ ನೀವು ಪಿಎಫ್ ಮುಟ್ಟಲ್ಲ. 12 ಕಂತು ಕಟ್ಟಿದ ಮೇಲೆ ಅದರ ಮೇಲೆ ಅರ್ಧದಷ್ಟು ಸಾಲವೂ ಸಿಗುತ್ತದೆ. ಗೃಹಲಕ್ಷ್ಮಿ 2,000 ನಿಮಗೇ ಬರುತ್ತಿದ್ದರೆ ಅದರಲ್ಲಿ ಇನ್ನೊಂದು 200 ಇದಕ್ಕೆ ಸೇರಿಸಿ.

ಇನ್ನೊಬ್ಬ ಸದಸ್ಯರು (ಅರಸೀಕೆರೆ)

ನಡುವೆ ಬಾಯಿ ಹಾಕ್ತೀನಿ ಮೇಡಂ. 26 ವರ್ಷ ಆದಮೇಲೆ 3,000 ರೂಪಾಯಿಗೆ ಏನು ಬರುತ್ತೆ? ಎರಡು ಕೆಜಿ ಅಕ್ಕಿ ಬರುತ್ತಾ? ಸುಮ್ನೆ ಜನಕ್ಕೆ ಆಸೆ ತೋರಿಸೋದು. ಚೀಟಿನೇ ವಾಸಿ ಅಲ್ವಾ?

ಉತ್ತರ

ಮೊದಲನೇ ಮಾತು ಸರಿ, ಅದನ್ನು ಮುಚ್ಚಿಡಲ್ಲ. ಬೆಲೆ ವರ್ಷಕ್ಕೆ 6 ಪರ್ಸೆಂಟ್ ಏರುತ್ತಾ ಹೋದರೆ 26 ವರ್ಷದ ನಂತರದ 3,000 ರೂಪಾಯಿ ಇವತ್ತಿನ 660 ರೂಪಾಯಿಗೆ ಸಮ. ಅಟಲ್ ಪೆನ್ಶನ್ ಆಗಲಿ ಮಾನ್‌ಧನ್ ಆಗಲಿ ಬೆಲೆ ಏರಿತು ಅಂತ ತಾನಾಗೇ ಏರಲ್ಲ. ಅದಕ್ಕೇ ನಾನು ಪಿಎಫ್, ಪಿಎಫ್ ಅಂತ ಬಡಿದುಕೊಳ್ಳೋದು. ಅಲ್ಲಿ ಲೆಕ್ಕ ಹಾಕೋದು ಕೊನೆಯ 5 ವರ್ಷದ ಸಂಬಳದ ಮೇಲೆ. ಸಂಬಳ ಏರಿದ ಹಾಗೆ ಅದೂ ಏರುತ್ತದೆ. 15,000ದ ಮಿತಿ ಅಡ್ಡ ಬರುತ್ತದೆ ನಿಜ, 2014ರಿಂದ ಅದನ್ನು ಮುಟ್ಟಿಲ್ಲ. ಆದರೆ ಮಿತಿ ಇರೋದು ಪೆನ್ಶನ್ ಲೆಕ್ಕಕ್ಕೆ. ಪಿಎಫ್ ಗಂಟು ಬೇರೆಯಾಗಿ ಬೆಳೆಯುತ್ತದೆ, ಅದಕ್ಕೆ 2024-25ರಲ್ಲಿ 8.25 ಪರ್ಸೆಂಟ್ ಬಡ್ಡಿ ಕೊಟ್ಟಿದ್ದಾರೆ.

ಎರಡನೇ ಮಾತು ಒಪ್ಪಲ್ಲ. ಚೀಟಿ ಸಾಲದ ಹಾಗೆ, ಉಳಿತಾಯದ ಹಾಗೆ. ಮನೆ ಮೇಲೆ ಶೀಟು ಹೊದಿಸಬೇಕು, ಎತ್ತಿಕೊಂಡಿರಿ, ಸರಿ. 20 ತಿಂಗಳ ಚೀಟಿ 20 ತಿಂಗಳಿಗೆ ಮುಗಿಯುತ್ತದೆ. 60ನೇ ವಯಸ್ಸಿಗೆ ಅದು ಪೆನ್ಶನ್ ಹೇಗೆ ಆಗುತ್ತದೆ ಸ್ವಾಮಿ? ಹಾಕಲೇಬೇಕು ಅಂದರೆ ನೋಂದಣಿ ಆಗಿರೋ ಚೀಟಿ ನೋಡಿ. ಬೀದಿ ಚೀಟಿಯಲ್ಲಿ ನಮ್ಮ ಮನೆಯವರೇ 40 ಸಾವಿರ ಕಳೆದುಕೊಂಡಿದ್ದಾರೆ. ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರು. ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಮಾತ್ರ ಬಿದ್ದಿತ್ತು.

ಪ್ರಶ್ನೆ (ಮೂಡಿಗೆರೆ ಹತ್ತಿರದ ಕಾಫಿ ತೋಟ)

ಅಕ್ಕ, ನಂಗೆ 46 ಆಗೋಯ್ತು. ತೋಟದ ಲೈನ್ ಮನೆಲಿ ಇದ್ದೀವಿ. ನಲವತ್ತರ ಒಳಗೆ ಅಂದ್ರೆ ನಮ್ಮಂಥೋರ್ದು ಕಥೆ ಮುಗೀತಾ? ಕುಯ್ಲಿನ ಟೈಮಲ್ಲಿ ಕೈಲಿ ದುಡ್ಡು ಇರುತ್ತೆ, ಮಳೆಗಾಲದಲ್ಲಿ ಇರಲ್ಲ.

ಉತ್ತರ

ಮುಗಿದಿಲ್ಲ ತಂಗಿ. ಅಟಲ್ ಪೆನ್ಶನ್, ಮಾನ್‌ಧನ್ ಎರಡರ ಬಾಗಿಲೂ ಮುಚ್ಚಿದೆ, ಅಷ್ಟೇ.

ನಾಳೆ ಬೆಳಿಗ್ಗೆ ತೋಟದ ಲೆಕ್ಕ ಬರೆಯೋ ರೈಟರ್ ಹತ್ತಿರ ಹೋಗಿ ಒಂದೇ ಮಾತು ಕೇಳಿ: "ನನ್ನ ಹೆಸರಲ್ಲಿ ಪಿಎಫ್ ಕಟ್ಟುತ್ತಿದ್ದೀರಾ? ನನ್ನ ಯುಎಎನ್ ನಂಬರ್ ಕೊಡಿ." ಯುಎಎನ್ ಅಂದರೆ ಪಿಎಫ್ ಇರುವ ಪ್ರತಿಯೊಬ್ಬರಿಗೂ ಕೊಡೋ ಖಾಯಂ ನಂಬರ್. 20 ಅಥವಾ ಹೆಚ್ಚು ಜನ ಇರುವ ತೋಟಕ್ಕೆ ಪಿಎಫ್ ಕಾಯ್ದೆ ಅನ್ವಯ ಆಗುತ್ತದೆ. ಇಲ್ಲಿಯವರೆಗೆ ಕಟ್ಟಿಲ್ಲ ಅಂತಲೇ ಇಟ್ಟುಕೊಳ್ಳಿ. ತಿಂಗಳ ಕೂಲಿ 15,000 ಒಳಗಿದ್ದು ಈಗ ಶುರು ಮಾಡಿದರೂ 58ಕ್ಕೆ 12 ವರ್ಷ ಆಗುತ್ತದೆ. ಹತ್ತು ದಾಟಿತಲ್ಲ! 11,000 ಕೂಲಿಗೆ 1,885 ರೂಪಾಯಿ ಪೆನ್ಶನ್. ದೊಡ್ಡದಲ್ಲ, ಆದರೆ ಕೂಲಿಗೆ ಹೋಗದೆ ಬರೋದು.

ರೈಟರ್ ಮುಖ ತಿರುಗಿಸಿದರೆ ಚಿಕ್ಕಮಗಳೂರಿನಲ್ಲೇ ಪಿಎಫ್ ಕಚೇರಿ ಇದೆ.

ಕುಯ್ಲಿನ ದುಡ್ಡಿಗೆ ಪಿಪಿಎಫ್ ಸರಿ. ಇದು ಕಂಪನಿ ಪಿಎಫ್ ಅಲ್ಲ, ನೀವೇ ದುಡ್ಡು ಹಾಕೋ 15 ವರ್ಷದ ಉಳಿತಾಯ ಖಾತೆ. ಪೋಸ್ಟ್ ಆಫೀಸಿನಲ್ಲೇ ತೆರೆಯಬಹುದು. ತಿಂಗಳಾ ತಿಂಗಳಾ ಕಟ್ಟಲೇಬೇಕು ಅಂತಿಲ್ಲ, ವರ್ಷಕ್ಕೆ 500 ಹಾಕಿದರೂ ಖಾತೆ ಜೀವಂತ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಾಕಿ, ಜೂನ್ ಜುಲೈಯಲ್ಲಿ ಬಿಟ್ಟುಬಿಡಿ. ತಿಂಗಳ 5ನೇ ತಾರೀಖಿನ ಒಳಗೆ ಹಾಕಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. ತಿಂಗಳಿಗೆ ಸರಾಸರಿ ಸಾವಿರದಂತೆ 15 ವರ್ಷ ಹಾಕಿದರೆ ಈಗಿನ 7.1 ಪರ್ಸೆಂಟ್‌ನಲ್ಲಿ 3.15 ಲಕ್ಷ ಆಗುತ್ತದೆ. ಅಷ್ಟೊತ್ತಿಗೆ ನಿಮಗೆ 61, 62. ಅದನ್ನು ಅದೇ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಯೋಜನೆಗೆ ಹಾಕಿ. ಈಗ ಅದಕ್ಕೆ 8.2 ಪರ್ಸೆಂಟ್ ಇದೆ, ಮೂರು ತಿಂಗಳಿಗೊಮ್ಮೆ 6,450 ರೂಪಾಯಿ ಬಡ್ಡಿ ಕೈಗೆ. ಗಂಟು ಹಾಗೇ ಇರುತ್ತದೆ. ಬಡ್ಡಿ ದರ ಸರ್ಕಾರ ಬದಲಾಯಿಸುತ್ತಿರುತ್ತದೆ, ಹೆಚ್ಚು ಕಡಿಮೆ ಆಗಬಹುದು.

ಮೊದಲ ಪ್ರಶ್ನೆ ಕೇಳಿದವರು (ಎರಡು ದಿನ ಬಿಟ್ಟು)

ಮೇಡಂ, ಯಜಮಾನರಿಗೆ ಮಾನ್‌ಧನ್ ಆಯಿತು, ಕಾರ್ಡ್ ಕೊಟ್ಟರು. ನೀವು ಪಿಎಫ್ ಬಗ್ಗೆ ಅಷ್ಟು ಹೇಳಿದ್ದಕ್ಕೆ ನಾನು ಮೊಬೈಲ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆಸಿ ನೋಡಿದೆ. ಎರಡು ತೊಂದರೆ ಇದೆ. ಎರಡನೇ ಕಂಪನಿಯ 3 ವರ್ಷ ಈಗಿನದಕ್ಕೆ ಸೇರಿಲ್ಲ, ಅಲ್ಲಿ ನಾನು ಇನ್ನೂ ಕೆಲಸದಲ್ಲಿದ್ದೀನಿ ಅಂತ ತೋರಿಸುತ್ತದೆ. ಇನ್ನೊಂದು, ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಅಂತ ಇದೆ, ಪಿಎಫ್‌ನಲ್ಲಿ ಬೇರೆ. ಜೊತೆಯಲ್ಲಿ ಕೆಲಸ ಮಾಡೋಳು ಹೇಳುತ್ತಾಳೆ, ಹಳೇ ಪಿಎಫ್ ಈಗಿನದಕ್ಕೆ ಟ್ರಾನ್ಸ್‌ಫರ್ ಮಾಡಿಸಿದರೆ ಪೆನ್ಶನ್ ದುಡ್ಡು ಸೊನ್ನೆ ಆಗುತ್ತಂತೆ, ಅವಳದ್ದು ಆಗಿದೆಯಂತೆ. ಭಯ ಆಗ್ತಿದೆ.

ಉತ್ತರ

ಭಯ ಬೇಡ. ಪಾಸ್‌ಬುಕ್‌ನಲ್ಲಿ ಮೂರು ಕಾಲಂ ಇರುತ್ತದೆ: ನಿಮ್ಮದು, ಕಂಪನಿಯದ್ದು, ಪೆನ್ಶನ್. ಟ್ರಾನ್ಸ್‌ಫರ್ ಆದಾಗ ಮೊದಲೆರಡರ ದುಡ್ಡು ಹೊಸ ಖಾತೆಗೆ ಬರುತ್ತದೆ. ಮೂರನೆಯದರಲ್ಲಿ ಸೊನ್ನೆ ಕಾಣುತ್ತದೆ. ಯಾಕೆಂದರೆ ಪೆನ್ಶನ್ ಕೊಡೋದು ಆ ದುಡ್ಡು ಎಣಿಸಿ ಅಲ್ಲ, ವರ್ಷ ಎಣಿಸಿ. ಬರಬೇಕಾದದ್ದು ಸರ್ವಿಸ್. ನಿಮ್ಮ ಗೆಳತಿಗೂ ಹೇಳಿ, ಸರ್ವಿಸ್ ಹಿಸ್ಟರಿಯಲ್ಲಿ ಹಳೇ ಕಂಪನಿ ಕಂಡರೆ ನೆಮ್ಮದಿಯಾಗಿ ನಿದ್ದೆ ಮಾಡಲಿ.

ಹಳೇ ಕಂಪನಿಯವರು ನೀವು ಬಿಟ್ಟ ತಾರೀಖು ಹಾಕಿಲ್ಲ, ಅದಕ್ಕೇ ಇನ್ನೂ ಕೆಲಸದಲ್ಲಿದ್ದೀರಿ ಅಂತ ತೋರಿಸುತ್ತಿದೆ. ಅವರ ಬಾಗಿಲಿಗೆ ಅಲೆಯಬೇಡಿ. ಕೊನೇ ಕಂತು ಬಿದ್ದು ಎರಡು ತಿಂಗಳು ಕಳೆದಿದ್ದರೆ ನೀವೇ ಹಾಕಬಹುದು. ಯುಎಎನ್ ಪೋರ್ಟಲ್‌ನಲ್ಲಿ 'ಮ್ಯಾನೇಜ್' ಒತ್ತಿ, 'ಮಾರ್ಕ್ ಎಕ್ಸಿಟ್' ಅಂತ ಬರುತ್ತದೆ. ಕೊನೇ ಕಂತು ಬಿದ್ದ ತಿಂಗಳಿನದೇ ಒಂದು ತಾರೀಖು ಹಾಕಿ. ಅದಾದ ಮೇಲೆ ಟ್ರಾನ್ಸ್‌ಫರ್ ಕೊಡಿ. 'ಕ್ಲೇಮ್' ಅನ್ನೋ ಕಡೆ ಕೈ ಹಾಕಬೇಡಿ, ಅದು ಬಿಡಿಸಿಕೊಳ್ಳೋದು.

ಜನವರಿ 1 ನಮ್ಮ ಕಡೆ ಅರ್ಧ ಊರಿನ ಹುಟ್ಟುಹಬ್ಬ. ಆಧಾರ್ ಮಾಡಿಸುವಾಗ ಅಪ್ಪ ಅಮ್ಮ "ಮಳೆ ಜೋರಿದ್ದ ವರ್ಷ" ಅಂದಿರುತ್ತಾರೆ, ಅವನು ಜನವರಿ 1 ಹೊಡೆದಿರುತ್ತಾನೆ. 58 ಯಾವತ್ತು ತುಂಬುತ್ತದೆ ಅಂತ ಗೊತ್ತಾಗಬೇಕಲ್ಲ, ಇದನ್ನು ಈಗಲೇ ಸರಿ ಮಾಡಿಸಿ. ಹುಟ್ಟಿದ ದಿನಕ್ಕೆ ದಾಖಲೆ ಅಂತ ಪಿಎಫ್‌ನವರು ಆಧಾರ್ ಒಪ್ಪಲ್ಲ. ಓದಿದ ಶಾಲೆಯ ಟಿಸಿ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೇಕು. ಮೊದಲು ಆಧಾರ್ ಅದಕ್ಕೆ ತಕ್ಕ ಹಾಗೆ ತಿದ್ದಿಸಿ, ಆಮೇಲೆ ಪಿಎಫ್.

ಟಿಸಿ ಕಳೆದಿದ್ದರೆ ಶಾಲೆಯಲ್ಲಿ ದಾಖಲಾತಿ ಪುಸ್ತಕ ಇರುತ್ತದೆ, ನಕಲು ಕೊಡುತ್ತಾರೆ. ಶನಿವಾರ ಅರ್ಧ ದಿನ ಅಲ್ವಾ, ಬೆಳಿಗ್ಗೆ ಬೇಗ ಹೋಗಿ. ಪಿಎಫ್‌ನಲ್ಲಿ ನಾಮಿನಿ ಯಾರು ಅಂತಲೂ ಒಂದು ಸಲ ನೋಡಿ. ಮದುವೆಗೆ ಮುಂಚೆ ಸೇರಿದ್ದರೆ ಇನ್ನೂ ನಿಮ್ಮ ಅಮ್ಮನ ಹೆಸರೇ ಇರಬಹುದು.