ಪದಚರ್ಚೆ: ಆಲಿಗೋಕ್ಲೋನಲ್ ಬ್ಯಾಂಡ್‌ಗೆ ಕನ್ನಡದಲ್ಲಿ ಏನು?

ತುಮಕೂರು:
ಲ್ಯಾಬ್ ಒಂದರ ಕರಪತ್ರ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂಎಸ್, ಮಿದುಳು-ಬೆನ್ನುಹುರಿಯ ನರಗಳ ಕವಚ ಕೆಡುವ ಕಾಯಿಲೆ) ಅನುಮಾನವಿದ್ದಾಗ ಮಾಡುವ ಪರೀಕ್ಷೆ. ಆಲಿಗೋಕ್ಲೋನಲ್ ಬ್ಯಾಂಡ್ ಬಗ್ಗೆ ನಾನು ಹಾಕಿರುವ ವಾಕ್ಯ: "ಬೆನ್ನುಹುರಿ ದ್ರವದಲ್ಲಿ ಎಂಎಸ್ ಪ್ರೋಟೀನಿನ ಬಹುತದ್ರೂಪಿ ಪಟ್ಟಿ ಕಂಡರೆ ಕಾಯಿಲೆ ಖಚಿತ." ನಡೆಯುತ್ತಾ?

ತಿಪಟೂರು:
ನಡೆಯಲ್ಲ. ಬಹು ಅಂದರೆ ಪಾಲಿಕ್ಲೋನಲ್, ಅರ್ಥ ತಲೆಕೆಳಗು. ಆಲಿಗೋ ಅಂದರೆ ಕೆಲವೇ, ಕ್ಲೋನ್ ಅಂದರೆ ಒಂದೇ ಕೋಶದ ಸಂತತಿ. ಪಟ್ಟಿ ದಿನಸಿಯದು, ಇಲ್ಲವೇ ಗಾಯಕ್ಕೆ ಕಟ್ಟುವುದು. ಜೆಲ್ ಮೇಲೆ ಕಾಣೋದು ಪಟ್ಟೆ. ಇನ್ನು ಎಂಎಸ್ ಪ್ರೋಟೀನ್ ಅನ್ನೋದೇ ಇಲ್ಲ. ಅದು ಎಲ್ಲರ ಮೈಯಲ್ಲೂ ಇರುವ ಐಜಿಜಿ ಪ್ರತಿಕಾಯ. ಕೆಲವೇ ಕೋಶಸಂತತಿಗಳು ಅದನ್ನು ಮಿದುಳಿನ ಆವರಣದೊಳಗೇ ತಯಾರಿಸಿದರೆ, ಜೆಲ್‌ಗೆ ವಿದ್ಯುತ್ ಹರಿಸಿ ಪ್ರೋಟೀನ್ ಬೇರ್ಪಡಿಸುವ ಐಸೋಎಲೆಕ್ಟ್ರಿಕ್ ಫೋಕಸಿಂಗ್‌ನಲ್ಲಿ ಮಸುಕಾಗಿ ಹರಡದೆ ಬಿಡಿಬಿಡಿ ಗೆರೆಗಳಾಗಿ ನಿಲ್ಲುತ್ತೆ. "ಖಚಿತ" ತೆಗೀರಿ. ಸಿಫಿಲಿಸ್ ಸೋಂಕು ನರಮಂಡಲಕ್ಕೆ ಹರಡಿದ ನ್ಯೂರೋಸಿಫಿಲಿಸ್‌ನಲ್ಲೂ, ದಡಾರದ ಎಷ್ಟೋ ವರ್ಷದ ಮೇಲೆ ಬರುವ ಮಿದುಳಿನ ಕಾಯಿಲೆ ಎಸ್‌ಎಸ್‌ಪಿಇಯಲ್ಲೂ ಕಾಣುತ್ತೆ.

ಗುಬ್ಬಿ:
ದ್ರವ ಯಾಕೆ? ಬೆನ್ನುನೀರು ಅನ್ನಿ. ಪ್ರತಿಕಾಯ, ತದ್ರೂಪಿ, ಎಲ್ಲ ಸಕ್ಕದದ ಹೊರೆ. "ಕೆಲಪೀಳಿಗೆ ಪಟ್ಟೆ" ಸಾಕು.

ತಿಪಟೂರು:
ಬೆನ್ನುನೀರು ಅಂದರೆ ಶ್ವಾಸಕೋಶದಲ್ಲಿ ನೀರು ತುಂಬಿದ ಹಾಗೆ ಬೆನ್ನಲ್ಲೂ ತುಂಬಿದೆ ಅಂತ ಮನೆಯವರು ಹೆದರುತ್ತಾರೆ. ಆರೋಗ್ಯವಾಗಿರುವವರಲ್ಲೂ ಇರುವ ದ್ರವ ಅದು. ಅಷ್ಟಕ್ಕೂ ದ್ರವ ತೆಗೆಯಲು ಚುಚ್ಚುವ ಸೂಜಿಯೇ ಸಂಸ್ಕೃತದ ಸೂಚಿಯ ತದ್ಭವ. ಬಿಡ್ತೀರಾ?

ಗುಬ್ಬಿ:
ಸೂಜಿ ನಮ್ಮ ಬಾಯಲ್ಲಿ ಪಳಗಿದ್ದು. ಎಂಎಸ್‌ಗೆ "ಬಹುಕಾಠಿಣ್ಯ" ಅಂತ ಬರೆಯುವವರಿಗೆ ಈ ವ್ಯತ್ಯಾಸ ತಿಳಿಯಲ್ಲ.

ಶಿರಾ:
ಜಗಳ ಆಮೇಲೆ. ಕರಪತ್ರದಲ್ಲಿ ರಕ್ತದ ಮಾತೇ ಇಲ್ಲವಲ್ಲ! ದ್ರವದ ಜೊತೆಗೇ ತೆಗೆದ ರಕ್ತದ ಸೀರಮ್ (ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಇಲ್ಲದಿದ್ದರೆ ವರದಿಗೆ ಅರ್ಥವಿಲ್ಲ. ಸೀರಮ್ಮನ್ನು ನೂರಾರು ಪಟ್ಟು ತೆಳು ಮಾಡಿ, ಎರಡರ ಐಜಿಜಿ ಪ್ರಮಾಣ ಸಮಕ್ಕೆ ತಂದು, ಒಂದೇ ಜೆಲ್‌ನಲ್ಲಿ ಅಕ್ಕಪಕ್ಕ ಓಡಿಸುತ್ತಾರೆ. ದ್ರವದಲ್ಲಿ ಮಾತ್ರ 2 ಅಥವಾ ಹೆಚ್ಚು ಪಟ್ಟೆ ಇದ್ದರೆ ಪಾಸಿಟಿವ್. ಎರಡರಲ್ಲೂ ಅವೇ ಪಟ್ಟೆ ಇದ್ದರೆ ರಕ್ತದಿಂದ ಸೋರಿ ಬಂದವು, ಎಂಎಸ್ ಲೆಕ್ಕಕ್ಕಿಲ್ಲ. ಸೂಜಿ ರಕ್ತನಾಳಕ್ಕೆ ತಗುಲಿ ದ್ರವ ಕೆಂಪಾದರೆ, ದ್ರವದ ಮತ್ತು ರಕ್ತದ ಐಜಿಜಿಯನ್ನು ಹೋಲಿಸುವ ಐಜಿಜಿ ಸೂಚ್ಯಂಕವೂ ಕೆಡುತ್ತೆ. ಎಂಎಸ್ ಪತ್ತೆಗೆ ವೈದ್ಯರು ಬಳಸುವ ಮೆಕ್‌ಡೊನಾಲ್ಡ್ ಮಾನದಂಡ ಕೂಡ ಈ ಪಟ್ಟೆಯೊಂದನ್ನೇ ನಂಬಲ್ಲ. ರೋಗಲಕ್ಷಣ, ಎಂಆರ್‌ಐ ಜೊತೆಗಿರಬೇಕು. ಹೀಗೆ ಹಾಕಿ: "ಸೀರಮ್‌ನಲ್ಲಿ ಇಲ್ಲದೆ ಬೆನ್ನುಹುರಿ ದ್ರವದಲ್ಲಿ ಮಾತ್ರ ಕಾಣುವ ಐಜಿಜಿ ಪಟ್ಟೆಗಳು ಎಂಎಸ್ ಪತ್ತೆಗೆ ನೆರವಾಗುತ್ತವೆ." ಕೆಳಗೆ ಆಲಿಗೋಕ್ಲೋನಲ್ ಬ್ಯಾಂಡ್ ಅಂತ ಕನ್ನಡ ಲಿಪಿಯಲ್ಲೇ ಇರಲಿ, ವರದಿಯಲ್ಲಿ ಬರೋದು ಅದೇ.

ಗುಬ್ಬಿ:
ಸೀರಮ್ ಯಾವ ಊರಿನ ಕನ್ನಡ?