ಸಹಾಯ ಬೇಕು: ಹಳೇ ಬೆಳ್ಳಿ ನಾಣ್ಯಗಳನ್ನು ತೂಕಕ್ಕೆ ಕೊಡೋದಾ, ಇಟ್ಟುಕೊಳ್ಳೋದಾ?

ನಾಣ್ಯ ಸಂಗ್ರಹ ಬಲ್ಲವರು ಸ್ವಲ್ಪ ದಾರಿ ತೋರಿಸಿ. ಹಿರಿಯರು ಬಿಟ್ಟುಹೋದ ಡಬ್ಬಿಯಲ್ಲಿ ಬೇರೆ ಬೇರೆ ದೇಶದ ಬೆಳ್ಳಿ ನಾಣ್ಯಗಳಿವೆ. ಯಾವುದನ್ನು ಬೆಳ್ಳಿ ಲೆಕ್ಕದಲ್ಲಿ ಮಾರಬಹುದು, ಯಾವುದನ್ನು ಮಾರಬಾರದು ಅಂತ ವಿಂಗಡಿಸಬೇಕು.

ಬೆಳ್ಳಿ ಲೆಕ್ಕ ಸುಲಭ. ಅಮೆರಿಕದ ಮಾರ್ಗನ್ ಡಾಲರ್ 26.73 ಗ್ರಾಂ, ಅದರಲ್ಲಿ ಶೇ. 90 ಬೆಳ್ಳಿ. ಅಂದರೆ ಸುಮಾರು 24 ಗ್ರಾಂ. ಆ ದಿನದ ದರದಿಂದ ಗುಣಿಸಿದರೆ ಮುಗೀತು.

ತಲೆ ಕೆಡಿಸಿರೋದು ಬೆಳ್ಳಿ ಬೆಲೆಗಿಂತ ಹೆಚ್ಚಿಗೆ ಸಂಗ್ರಾಹಕರು ಕೊಡೋ ಬೆಲೆ. ಹಳೇದಾದಷ್ಟೂ ಬೆಲೆ ಜಾಸ್ತಿ ಅಂತಾರೆ, ನನಗಂತೂ ನಂಬಿಕೆ ಇಲ್ಲ. ಆಸ್ಟ್ರಿಯಾದ ಬೆಳ್ಳಿ ನಾಣ್ಯ ಮಾರಿಯಾ ತೆರೇಸಾ ಥಾಲರ್ ಮೇಲೆ 1780 ಅಂತ ಇರುತ್ತೆ, ಆದರೆ ಅದೇ ಇಸವಿ ಹಾಕಿ 20ನೇ ಶತಮಾನದಲ್ಲೂ ಟಂಕಿಸಿದ್ದಾರೆ! ಮಾರ್ಗನ್ ಡಾಲರ್‌ಗಳಲ್ಲೂ ಅಷ್ಟೇ. 1921ರವು ಬೇಕಾದಷ್ಟು ಸಿಗುತ್ತವೆ. 1893ರದ್ದಾಗಿ, ಹಿಂಭಾಗದಲ್ಲಿ ಹದ್ದಿನ ಕೆಳಗೆ ಸಣ್ಣದೊಂದು 'ಎಸ್' ಇದ್ದರೆ ಸಂಗ್ರಾಹಕರು ಮುಗಿಬೀಳುತ್ತಾರೆ. ಆ ಅಕ್ಷರ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತು. ಅದನ್ನು ಆಮೇಲೆ ಅಂಟಿಸಿದ ನಕಲಿಗಳೂ ಇವೆಯಂತಲ್ಲ, ಭೂತಗನ್ನಡಿಯಲ್ಲಿ ಏನು ನೋಡಬೇಕು?

ಸವೆತದ್ದೂ ಗೊಂದಲ. ಒಂದು ಮಾರ್ಗನ್ ಡಾಲರ್‌ನಲ್ಲಿ ಅಚ್ಚಾಗಿರೋ ಹೆಣ್ಣಿನ ಮುಖದ ಕಿವಿಯ ಮೇಲಿನ ಕೂದಲು ಎಳೆ ಎಳೆಯಾಗಿ ಕಾಣುತ್ತೆ, ಇನ್ನೊಂದರಲ್ಲಿ ಅದೇ ಜಾಗ ನುಣ್ಣಗೆ ಚಪ್ಪಟೆ. ಇಷ್ಟಕ್ಕೇ ಬೆಲೆ ತುಂಬಾ ಬದಲಾಗುತ್ತಾ? ಗ್ರೇಡಿಂಗ್ (ತಜ್ಞರಿಂದ ನಾಣ್ಯದ ಸ್ಥಿತಿಗೆ ದರ್ಜೆ ಹಾಕಿಸೋದು) ಮಾಡಿಸೋ ಖರ್ಚು ಯಾವಾಗ ಗಿಟ್ಟುತ್ತೆ?

ಕಪ್ಪಾದದ್ದನ್ನು ನಾನು ಉಜ್ಜಲ್ಲ. ಉಜ್ಜಿದರೆ ಗೀರು ಬಿದ್ದು ಬೆಲೆ ಇಳಿಯುತ್ತೆ ಅನ್ನೋದು ಗೊತ್ತು. (ದಯವಿಟ್ಟು ಟೂತ್‌ಪೇಸ್ಟ್ ಸಲಹೆ ಬೇಡ!) ಆದರೆ ಹಳೇ ಪ್ಲಾಸ್ಟಿಕ್ ಕವರಿನಲ್ಲಿದ್ದ ಕೆಲವಕ್ಕೆ ಹಸಿರು ಜಿಗುಟು ಹಿಡಿದಿದೆ. ಅದಕ್ಕೆ ಶುದ್ಧ ಅಸಿಟೋನ್ ಅನ್ನೋ ದ್ರಾವಕದಲ್ಲಿ ನೆನೆಸಿದರೆ ಸಾಕಾ? ಮಾಡಿ ನೋಡಿದವರು ತಿಳಿಸಿ.