ಪದಚರ್ಚೆ: ಪ್ಲಾಟ್, ಸೆಟ್ಟಿಂಗ್‌ಗೆ ಮಕ್ಕಳಿಗೆ ಒಗ್ಗುವ ಪದಗಳು?

ಗೆಳೆಯರೇ,

ಹೈಸ್ಕೂಲ್ ಮಕ್ಕಳಿಗೆ ಕಥೆ ಕಟ್ಟುವುದನ್ನು ಹೇಳಿಕೊಡುವ ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಪ್ಲಾಟ್ (ಕಥೆಯಲ್ಲಿ ಒಂದು ಘಟನೆಯಿಂದ ಇನ್ನೊಂದು ಹುಟ್ಟುವ ಬಗೆ), ಸೆಟ್ಟಿಂಗ್ (ಕಥೆ ನಡೆಯುವ ಜಾಗ, ಕಾಲ) ಎರಡಕ್ಕೂ ಪದ ಬೇಕು. ಪ್ಲಾಟ್ ಅಂತಲೇ ಬಿಟ್ಟರೆ ಮಕ್ಕಳು ಲೇಔಟಿನ ಸೈಟು ಅಂದುಕೊಳ್ಳುತ್ತಾರೆ!

ಕಥಾವಸ್ತು ಅನ್ನಬಹುದಲ್ಲ ಅಂತೀರಿ. ಹಳೆಯ ಬಳಕೆಯಲ್ಲಿ ಅದು ಸರಿಯೇ. ನಾಟಕದ ಲಕ್ಷಣ ಹೇಳುವ ಸಂಸ್ಕೃತ ಗ್ರಂಥ, ಧನಂಜಯನ ದಶರೂಪಕ, ನಾಟಕಗಳ ಬಗೆ ಗುರುತಿಸಲು ವಸ್ತು, ನೇತೃ (ನಾಯಕ), ರಸ ಅಂತ ಮೂರು ಹೇಳುತ್ತದೆ. ಅಲ್ಲಿ ವಸ್ತು ಅಂದರೆ ನಾಟಕದ ಕಥೆಯೇ. ಮುಖ್ಯ ಕಥೆ ಆಧಿಕಾರಿಕ, ಅದಕ್ಕೆ ಒತ್ತಾಸೆಯಾಗಿ ಬರುವುದು ಪ್ರಾಸಂಗಿಕ. ಈಗ ಅರ್ಥ ಜರುಗಿದೆ. ಕಾರಂತರ ‘ಚೋಮನ ದುಡಿ’ಯ (1933) ವಸ್ತು ಏನು ಅಂತ ಕೇಳಿ ನೋಡಿ, ಹೆಚ್ಚಿನವರು ಅಸ್ಪೃಶ್ಯತೆ ಅನ್ನುತ್ತಾರೆ. ಅದು ವಿಷಯ. ಚೋಮನಿಗೆ ಬೇಸಾಯದ ಆಸೆ, ಅವನ ಜಾತಿಗೆ ಗದ್ದೆ ಕೊಡುವವರಿಲ್ಲ, ಮೈಮೇಲೆ ಸಾಲ, ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕು, ಹೋದ ಮಕ್ಕಳು ಕೈತಪ್ಪುತ್ತಾರೆ. ಹೀಗೆ ಒಂದರಿಂದ ಇನ್ನೊಂದು ಹುಟ್ಟುತ್ತದಲ್ಲ, ನನಗೆ ಪದ ಬೇಕಿರುವುದು ಅದಕ್ಕೆ.

ಕಥಾಹಂದರ ಚೆನ್ನಾಗಿತ್ತು. ‘ವಿಭಿನ್ನ ಕಥಾಹಂದರದ ಚಿತ್ರ’ ಅಂತ ಬರೆದೂ ಬರೆದೂ ಸವೆಸಿಬಿಟ್ಟಿದ್ದಾರೆ. ಸಂವಿಧಾನ ಅಂತ ಹಿಂದಿನ ವಿಮರ್ಶಕರು ಬಳಸುತ್ತಿದ್ದರು. ಈಗ ತರಗತಿಯಲ್ಲಿ ಆ ಮಾತೆತ್ತಿದರೆ ಮಕ್ಕಳು ಅಂಬೇಡ್ಕರ್ ಹೆಸರು ಹೇಳುತ್ತಾರೆ, ತಪ್ಪೂ ಅಲ್ಲ. ಯಕ್ಷಗಾನದವರು ‘ಪ್ರಸಂಗದ ನಡೆ’ ಅನ್ನುತ್ತಾರೆ. ಯಾವ ಪದ್ಯದ ಮೇಲೆ ಯಾರ ಪ್ರವೇಶ, ಎಲ್ಲಿ ಎಳೆಯಬೇಕು, ಎಲ್ಲಿ ಹಾರಿಸಬೇಕು ಎಲ್ಲ ಅದರಲ್ಲಿ ಬರುತ್ತದೆ. ‘ಕಥೆಯ ನಡೆ’ ನನಗೆ ಹಿಡಿಸಿದೆ. ಆದರೆ ಓಟ, ವೇಗ ಅನ್ನುವ ಅರ್ಥ ಜಾಸ್ತಿ ಕೇಳಿಸುತ್ತದೇನೋ.

ಸೆಟ್ಟಿಂಗ್‌ಗೆ ಹಿನ್ನೆಲೆ ಬೇಡ. ‘ಹುಡುಗನ ಹಿನ್ನೆಲೆ ವಿಚಾರಿಸಿ’ ಅಂದ ಹಾಗೆ ಕೇಳುತ್ತದೆ. ಸಾಲದ್ದಕ್ಕೆ, ಹಿಂದೆ ಸುಮ್ನೆ ತೂಗುಬಿಟ್ಟ ಪರದೆ ಅನ್ನಿಸುತ್ತದೆ. ಕರಾವಳಿಯ ಆ ಕಾಲದ ಗೇಣಿ ಬೇಸಾಯ, ಘಟ್ಟದ ತೋಟದ ಕೂಲಿ ಇಲ್ಲದಿದ್ದರೆ ಚೋಮನ ಕಥೆ ಹುಟ್ಟುವುದೇ ಇಲ್ಲ. ಸನ್ನಿವೇಶ ಅನ್ನೋಣವೆಂದರೆ ಅದೀಗ ಸಿನಿಮಾದ ಸೀನ್ ಆಗಿದೆ. ದೇಶಕಾಲ ಅರ್ಥದಲ್ಲಿ ಪಕ್ಕಾ, ಜಾಗವೂ ಬಂತು, ಹೊತ್ತೂ ಬಂತು. ಎಂಟನೇ ಕ್ಲಾಸಿನವರಿಗೆ ಮಾತ್ರ ದೇಶ ಅಂದರೆ ಭಾರತ. ಸದ್ಯಕ್ಕೆ ‘ಊರು-ಕಾಲ’ ಅಂತ ಬರೆದಿಟ್ಟಿದ್ದೇನೆ. ಕಾಡಿನಲ್ಲಿ, ರೈಲಿನಲ್ಲಿ ನಡೆಯುವ ಕಥೆಗೂ ಇದು ಒಗ್ಗೀತೇ?

ಪಾಠ ಮಾಡುವವರು ಯಾರಾದರೂ ಇದ್ದರೆ, ತರಗತಿಯಲ್ಲಿ ನೀವು ಬಾಯಲ್ಲಿ ಏನಂತ ಹೇಳುತ್ತೀರಿ? ಧಾರವಾಡ, ಕಲಬುರಗಿ ಕಡೆ ಬೇರೆ ಪದವೇನಾದರೂ ಬಳಕೆಯಲ್ಲಿದೆಯೇ?